ಜೌಗು ತುಂಬಿಸಿದ ಮೇಲೆ

ಮನೆಯಿಂದ,
ಜೂನ್ 9, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲ ಇನ್ನೂ ಸಿಮೆಂಟ್ ಮೂಟೆ ಹೊತ್ತು ಶೂರನೆನಿಸಿಕೊಳ್ಳುತ್ತಿದ್ದೀಯೋ? ನಿನ್ನ ಕೆಲಸದ ಜಾಗಕ್ಕೆ ಫೋನ್ ಸಿಗುವುದಿಲ್ಲ, ಅದಕ್ಕೇ ಅತ್ತ ಹೊರಟಿರುವ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ.

ಹಿತ್ತಿಲಾಚೆಯ ಜೌಗನ್ನು ತುಂಬಿಸಿ ಮುಗಿಯಿತು. ಸೊಳ್ಳೆಕಾಟ ತಪ್ಪುತ್ತದೆ, ಗಾಡಿ ನಿಲ್ಲಿಸಲು ಜಾಗವಾಗುತ್ತದೆ ಎಂದು ಬೀದಿಯವರೆಲ್ಲ ಒಡೆದ ಇಟ್ಟಿಗೆ, ಹಳೆಯ ಗಾರೆ, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದರು. ಅಮ್ಮನೇ ಮುಂದೆ ನಿಂತು ಎಲ್ಲಿ ಸುರಿಯಬೇಕೆಂದು ಬೆರಳು ತೋರಿಸಿದಳು. ಈಗ ಸೊಳ್ಳೆ ಹೆಚ್ಚೇ ಆಗಿವೆ. ಅವನ್ನು ತಿನ್ನುತ್ತಿದ್ದ ಕಪ್ಪೆ, ಮೀನು ಒಂದೂ ಉಳಿದಿಲ್ಲ. ಸಂಜೆ ಜೊಂಡಿನ ಮೇಲಿಂದ ಬರುತ್ತಿದ್ದ ತಂಪುಗಾಳಿ ನಿಂತುಹೋಗಿದೆ. ಹೊಲಿಗೆ ಮೆಷಿನ್ ಮುಂದೆ ಕೂತರೆ ಗಿರಾಕಿಗಳ ಬಟ್ಟೆಯ ಮೇಲೆ ನನ್ನ ಬೆವರು ತೊಟ್ಟಿಕ್ಕುತ್ತದೆ. ಬಾವಿಯ ನೀರು ವಾಸನೆ ಹೊಡೆಯುತ್ತಿದೆ. ಇಷ್ಟು ವರ್ಷ ಬೀದಿಯ ಕೊಳಕನ್ನೆಲ್ಲ ಆ ಜೊಂಡೇ ಸೋಸುತ್ತಿತ್ತು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಮೊದಲೆಲ್ಲ ಎಂಥ ಮಳೆ ಬಂದರೂ ಬೀದಿಯ ನೀರು ನಮ್ಮ ಮನೆಯ ಪಕ್ಕದಿಂದ ಹರಿದು ಜೌಗಿಗೆ ಇಳಿದು, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತಲ್ಲ. ಮೊನ್ನೆಯ ಒಂದೇ ಮಳೆಗೆ ಅದು ಹೋಗಲು ಜಾಗವಿಲ್ಲದೆ ನಮ್ಮ ಅಂಗಳದಲ್ಲೇ ನಿಂತಿತು. ಸದ್ದಿಲ್ಲದೆ ಮೊಣಕಾಲವರೆಗೆ ಏರಿತು. ಇನ್ನು ಮೇಲಾದರೂ ಕೆಳಗಿನ ಕೋಣೆ ಬಿಟ್ಟು ಮಹಡಿಯಲ್ಲಿ ನನ್ನ ಜೊತೆ ಮಲಗು ಎಂದರೆ ಅಮ್ಮ ಕೇಳಬೇಕಲ್ಲ. "ನನ್ನ ಮಗ ಕಟ್ಟಿದ ಕೋಣೆ ಕಣೇ ಇದು. ಇದರೊಳಗೆ ನೀರು ಬರುತ್ತಾ?" ಅಂದಳು. ನಿಜಕ್ಕೂ ಒಳಗೆ ಪಾದ ಒದ್ದೆಯಾಗುವಷ್ಟೇ ಬಂದಿತ್ತು. ನಿನ್ನ ಕೈಕೆಲಸ ಅಷ್ಟು ಅಚ್ಚುಕಟ್ಟು. ಬೀದಿಗೆಲ್ಲ ಅದನ್ನೇ ಹೇಳಿಕೊಂಡು ಮೆರೆಯುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಸದಾ ಕೆಲಸವಿರಲಿ, ಮೈಗೆ ನೋವು ಬಾರದಿರಲಿ.

ಇಂತಿ ನಿನ್ನ ಅಕ್ಕ

ಮತ್ತೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಒಳಗೆ ಜಾಗ ಉಳಿಯಲೆಂದು ನೀನು ಅಮ್ಮನ ಕೋಣೆಯ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ್ದೀಯ. ಮೊನ್ನೆ ಹೊರಗೆ ಅಂಗಳದಲ್ಲಿ ನಿಂತ ನೀರು ಅದನ್ನು ಒತ್ತಿ ಹಿಡಿದಿತ್ತು. ಅವಳು ಒಳಗಿನಿಂದ ತಳ್ಳಿದಳು, ನಾನು ಹೊರಗಿನಿಂದ ಎಳೆದೆ, ಕದಲಲಿಲ್ಲ. ಕಿಟಕಿಗೆ ಕಂಬಿ ಬೇರೆ. ನೀರು ಇಳಿಯುವವರೆಗೂ ಅವಳು ಒಳಗೇ ಇದ್ದಳು. ಅದನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ. ಆ ಕೋಣೆ ಸರಿಯಿಲ್ಲ ಎಂದು ನೀನೇ ಬಾಯಿಬಿಟ್ಟು ಹೇಳಿದರೆ ಮಹಡಿಗೆ ಬಂದಾಳು, ನನ್ನ ಮಾತಿಗಲ್ಲ. ಓದಿದ ಕೂಡಲೇ ಹೊರಟು ಬಾ. ಮಳೆ ಶುರುವಾಯಿತು. ಕೆಳಗೆ ಅಮ್ಮ ಬಾಗಿಲು ಎಳೆದುಕೊಂಡ ಸದ್ದಾಯಿತು.