ಖಾಲಿ ಬಿಟ್ಟರೆ ದೊಡ್ಡಪ್ಪನಿಗೆ

ನವೆಂಬರ್ ೧೨, ಮಂಗಳವಾರ

ನಾವೆಲ್ಲ ಬರೆದ ಕೋಡನ್ನು ಒಟ್ಟುಗೂಡಿಸಿ ಓಡುವಂತೆ ಮಾಡುವ ಬಿಲ್ಡ್ ಪ್ರೋಗ್ರಾಮಿನ ಆಯ್ಕೆಗಳಿಗೆಲ್ಲ ಇವತ್ತು ಟೈಪ್ ಕೊಟ್ಟು, ಅಂದರೆ ಎಲ್ಲಿ ಸಂಖ್ಯೆ, ಎಲ್ಲಿ ಹೆಸರು ಇರಬೇಕೆಂದು ಗೊತ್ತುಮಾಡಿ ಮುಗಿಸಿದೆ. ಇನ್ನು ಸಂಖ್ಯೆ ಇರಬೇಕಾದ ಕಡೆ ಯಾರೂ ಮನಸ್ಸಿಗೆ ಬಂದದ್ದು ಬರೆಯುವಂತಿಲ್ಲ, ಏನನ್ನೂ ಖಾಲಿ ಬಿಡುವಂತಿಲ್ಲ. ಖುಷಿಯಾಗಬೇಕಿತ್ತು. ಆದರೆ ಆ ಒಂದು ಸಾಲು ತಲೆಯಿಂದ ಹೋಗುತ್ತಲೇ ಇಲ್ಲ.

ಬಿಲ್ಡ್ ಕೆಟ್ಟರೆ ಯಾರಿಗೆ ಸುದ್ದಿ ಹೋಗಬೇಕು ಎಂಬ ಆಯ್ಕೆ ಅದು. ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಅಲ್ಲೇ ಹಟ ಹಿಡಿದು ನಿಂತಿತು. ತೆರೆದು ನೋಡಿದರೆ, ಖಾಲಿ ಇದ್ದಾಗ ತನಗೇ ಸುದ್ದಿ ಬರಲಿ ಎಂದು ದೊಡ್ಡಪ್ಪ ಬರೆದಿಟ್ಟಿದ್ದರು. ಹೋದ ವರ್ಷ ನಿವೃತ್ತರಾದ ಹಿರಿಯ ಇಂಜಿನಿಯರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಆ ಆಯ್ಕೆಯನ್ನು ನಾವ್ಯಾರೂ ಒಂದು ದಿನವೂ ತುಂಬಿದವರಲ್ಲ! ಸಂಜೆ ಕೆಡಿಸಿಟ್ಟು ಹೋದದ್ದು ಬೆಳಿಗ್ಗೆ ಬರುವಷ್ಟರಲ್ಲಿ ಸರಿಯಾಗಿರುತ್ತಿತ್ತು. ಬಿಲ್ಡ್ ತಾನಾಗಿಯೇ ವಾಸಿಯಾಗುತ್ತದೆ ಎಂದು ನಗುತ್ತಿದ್ದೆವು. ಕಿಟಕಿ ಪಕ್ಕ ಕೂತು, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತಾ ಅವರೂ ನಗುತ್ತಿದ್ದರು: "ಪುಣ್ಯವಂತರು ಕಣ್ರಪ್ಪಾ ನೀವು!"

"ಅಕ್ಕಾ, ಇಲ್ಲಿ ಇನ್ಮೇಲೆ ಖಾಲಿ ಬಿಡೋಕಾಗಲ್ವಲ್ಲ, ಯಾರ ಹೆಸರು ಹಾಕ್ಲಿ?" ಪಕ್ಕದ ಸೀಟಿನವಳು ಕೇಳಿದಳು.

"ನಂದೇ ಹಾಕು" ಅಂದೆ.

ಮನೆಗೆ ಬಂದು ಅಟ್ಟದಿಂದ ಹಳೇ ಫ್ಲಾಸ್ಕ್ ಇಳಿಸಿ ತೊಳೆದಿಟ್ಟಿದ್ದೇನೆ. ನಾಳೆ ಎಲ್ಲರಿಗಿಂತ ಮೊದಲು ಹೋಗಿ, ಬಿಲ್ಡ್ ಕೆಟ್ಟಿದ್ದರೆ ಅವರೆಲ್ಲ ಬರುವಷ್ಟರಲ್ಲಿ ಸರಿಮಾಡಿಡಬೇಕು.