ಏಳು ಪರ್ಸೆಂಟ್

ಮೇ 12
ಬೆಳಿಗ್ಗೆ ಕುತ್ತಿಗೆಯ ವ್ಯಾಯಾಮ, ನಲವತ್ತು ನಿಮಿಷ. ಆಮೇಲೆ ತಮ್ಮನ ಕಾಲಿಗೆ ಡ್ರೆಸ್ಸಿಂಗ್. ಗಾಯ ಒಣಗಿದೆ, ಮೂಳೆಗೆ ಹಾಕಿದ ರಾಡ್ ಒಳಗೇ ಇದೆ. ಹೋದ ರೇಸಿನಲ್ಲಿ ಡೆಂಟಿಸ್ಟ್ ತಿರುವಿನ ನಡುವೆ ಸುಮ್ಮಸುಮ್ಮನೆ ಬ್ರೇಕ್ ಒತ್ತಿದ. ನಮ್ಮ ಕಾರುಗಳ ಚಕ್ರಕ್ಕೆ ಹೊದಿಕೆಯಿಲ್ಲ. ಚಕ್ರಕ್ಕೆ ಚಕ್ರ ತಾಗಿ, ಹಿಂದಿದ್ದ ತಮ್ಮನ ಕಾರು ಹಾರಿತು.

ಡೆಂಟಿಸ್ಟ್ ನಿಜವಾಗಿಯೂ ಹಲ್ಲಿನ ಡಾಕ್ಟರೇ. ದುಡ್ಡು ಕೊಟ್ಟು ಸೀಟು ಹಿಡಿದವನು. ಆಸ್ಪತ್ರೆಗೆ ಹೂಗುಚ್ಛ ತಂದಿದ್ದ. ತಮ್ಮ ಅವನ ಮುಖಕ್ಕೇ ಎಸೆದ. ಸರಿಯಾಗಿಯೇ ಮಾಡಿದ.

ಮೇ 29
ಐದು ವರ್ಷದ ಹಿಂದೆ ನಮ್ಮ ಸರಣಿಯಲ್ಲಿ ಇಪ್ಪತ್ತಾರು ಕಾರು. ಈಗ ಹನ್ನೆರಡು. ಓಡಿಸಲು ಬರುವವರೆಲ್ಲ ಬೇರೆ ಕಡೆ ಹೋದರು. ಉಳಿದವರಲ್ಲಿ ನಾನೇ ವೇಗಿ... ಮೂವತ್ತೊಂಬತ್ತನೇ ವಯಸ್ಸಿನಲ್ಲಿ! ನಗು ಬರುತ್ತದೆ.

ಜೂನ್ 6, ಶುಕ್ರವಾರ
ಆಯೋಜಕರು ಗ್ಯಾರೇಜಿಗೇ ಬಂದರು. ನಾಳೆ ಕ್ವಾಲಿಫೈಯಿಂಗ್, ರೇಸಿಗೆ ಅರ್ಹರನ್ನು ಆರಿಸುವ ಸುತ್ತು. ಎಲ್ಲರಿಗಿಂತ ವೇಗಿಯ ಸಮಯಕ್ಕಿಂತ ಏಳು ಪರ್ಸೆಂಟಿಗೂ ಹೆಚ್ಚು ಹೊತ್ತು ತೆಗೆದುಕೊಂಡವನಿಗೆ ರೇಸಿನಲ್ಲಿ ಜಾಗವಿಲ್ಲ. ಹನ್ನೆರಡು ಕಾರು ಇಲ್ಲದಿದ್ದರೆ ರೇಸೇ ಇಲ್ಲ.

“ಹೋದ ವರ್ಷದ ಹಾಗೆ ತೊಂಬತ್ತು ಸೆಕೆಂಡಲ್ಲಿ ಸುತ್ತು ಮುಗಿಸಿದ್ರೆ ಡೆಂಟಿಸ್ಟ್ ಔಟು. ಅವ್ನು ಔಟಾದ್ರೆ ಸರಣಿನೇ ಮುಚ್ಚಿಹೋಗುತ್ತೆ ಕಣಪ್ಪಾ. ಒಂದೂವರೆ ಸೆಕೆಂಡ್ ಬಿಟ್ಕೊಡು. ಯಾರಿಗೂ ಗೊತ್ತಾಗಲ್ಲ.”

“ತಮ್ಮನ ಕಾಲಿಗೆ ಏನ್ ಹೇಳ್ಲಿ ಸಾರ್?”

ಟೋಪಿ ತೆಗೆದು ತಲೆ ಕೆರೆದುಕೊಂಡರು.

ತಮ್ಮನಿಗೆ ಹೇಳಿದೆ. ಕೆಂಡಾಮಂಡಲವಾದ. “ನಾಳಿದ್ದು ಅವ್ನು ರೇಸಲ್ಲಿದ್ರೆ ಯಾರಾದ್ರೂ ಸಾಯ್ತಾರೆ ಅಣ್ಣ.” ಪೂರ್ತಿ ವೇಗದಲ್ಲೇ ಓಡಿಸುತ್ತೇನೆಂದು ಅವನಿಗೆ ಮಾತು ಕೊಟ್ಟೆ. ಸರಣಿ ಮುಚ್ಚಿದರೆ ಮುಚ್ಚಲಿ.

ಜೂನ್ 7, ಮಧ್ಯಾಹ್ನ 2
ಹೊಸ ಟೈರು. ಎದುರುಗಾಳಿ ಇಲ್ಲ. ಜೀವದ ಹಂಗು ತೊರೆದು ಓಡಿಸಿದೆ. ನಾಲ್ಕನೇ ತಿರುವಿನಲ್ಲಿ ಗೋಡೆ ಭುಜಕ್ಕೇ ಬಂದಂತಾಯಿತು, ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ.

ತೊಂಬತ್ತೊಂದು ಪಾಯಿಂಟ್ ಆರು.

ಎಲ್ಲರಿಗಿಂತ ಮುಂದೆ ನಾನೇ. ಡೆಂಟಿಸ್ಟ್ ತೊಂಬತ್ತೇಳೂವರೆ. ಏಳು ಪರ್ಸೆಂಟಿನ ಗಡಿ ತೊಂಬತ್ತೆಂಟು; ಅರ್ಧ ಸೆಕೆಂಡಿನಲ್ಲಿ ಪಾಸು.

ಕಾರು ನೋಡಲು ಮೆಕ್ಯಾನಿಕ್‌ಗೆ ಹೇಳಿದೆ. ಇಂಜಿನ್, ಬ್ರೇಕ್, ಎಲ್ಲ ತಡಕಾಡಿದ. “ಗುಂಡುಕಲ್ಲಿನ ಹಾಗಿದೆ ಸಾರ್,” ಎಂದು ಕಣ್ಣು ಹೊಡೆದ. ಆಯೋಜಕರು ಕೇಳಿಕೊಂಡ ಸುದ್ದಿ ಅವನಿಗೂ ಮುಟ್ಟಿದೆ.

ಸಂಜೆ 5
ಆಯೋಜಕರು ಬೆನ್ನು ತಟ್ಟಿದರು. “ಎಷ್ಟು ನಾಜೂಕಾಗಿ ಬಿಟ್ಕೊಟ್ಟೆ! ನಿಜವಾಗ್ಲೂ ಒದ್ದಾಡ್ತಿದ್ದೀಯ ಅನ್ನಿಸ್ತು.”

ತಮ್ಮ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಣ್ಣ, ಬೇಕಂತ ನಿಧಾನ ಮಾಡಿದ್ಯಾ?”

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ, ಆ ವೇಗ ನನ್ನಿಂದ ಇನ್ನಾಗುವುದಿಲ್ಲ ಎಂದು ನನ್ನ ಬಾಯಿಂದಲೇ ಒಪ್ಪಿಕೊಂಡಂತೆ.

“ಹೂಂ,” ಎಂದೆ.

ಮುಖ ನೋಡದೆ ಹೊರಟುಹೋದ. ಮಾತಿಗೆ ತಪ್ಪಿದ ಅಣ್ಣ ಎಂದುಕೊಳ್ಳಲಿ, ಅದೇ ವಾಸಿ. ಎಂಥ ಹೇಡಿ ನಾನು.

ನಾಳೆ ಹನ್ನೊಂದಕ್ಕೆ ರೇಸ್. ತಮ್ಮನಿಗೆ ಫೋನ್ ಮಾಡಿ ನಿಜ ಹೇಳಿಬಿಡಲೇ? ಹೇಳಿದರೆ ನನ್ನನ್ನು ಕಾರು ಹತ್ತಲು ಬಿಡುವುದಿಲ್ಲ. ಹೇಳದಿದ್ದರೆ, ತಮ್ಮ ಹೇಳಿದ ಆ ‘ಯಾರಾದ್ರೂ’ ನಾನೇ...