ದನಿ ತೆಗೆಯುವ ಗುಂಡಿ

ದೋಸ್ತ ಖಾಸೀಮ,

ಗಣಿಯವರು ಕಾಯಂ ಮಾಡುತ್ತೇವೆ ಎಂದರು, ಮಾಡಲಿಲ್ಲ. ಕಾಲಿಗೆ ಬೂಟು, ಮೂಗಿಗೆ ಬಟ್ಟೆ ಎಂದರು, ಕೊಡಲಿಲ್ಲ. ಅದಿರಿನ ಧೂಳು ಕುಡಿದು ನೀನು ಸತ್ತ ಮೇಲೆ ಮೆಹಬೂಬಿ ಭಾಬಿಗೆ ಪರಿಹಾರ ಎಂದರು; ಈಗ ನೀನು ಅವರ ಆಳೇ ಅಲ್ಲವಂತೆ. ಸಭೆಗೆ ಅಂಗಳ ಕೊಡುತ್ತೇವೆ ಎಂದವರು ಗೇಟಿಗೆ ಬೀಗ ಹಾಕಿದರು. ಕುಡಚಡೆಯ ನಮ್ಮ ಜೋಪಡಿಗಳನ್ನು ಕೀಳಲು ಸೋಮವಾರ ಬರುತ್ತಾರಂತೆ. ಈ ಸುದ್ದಿ ನೀನು ಕೇಳಿಲ್ಲ.

ಲಾರಿಯ ಹಿಂದಿನ ಹಲಗೆ ಇಳಿಸಿ, ಅದರ ಮೇಲೆ ನಿಂತು ನೀನು ಗೀಗೀ ಪದ ಎತ್ತುತ್ತಿದ್ದೆ. ನೀನು ಸಾಲು ಹಾಡಬೇಕು, ಅದರ ತುದಿ ಹಿಡಿದು ನಾನು ಎಳೆಯಬೇಕು. ಆಮೇಲೆ ನನ್ನ ಭಾಷಣ. ಜನ ಭಾಷಣಕ್ಕೆ ಬರುತ್ತಾರೆಂದು ತಿಳಿದಿದ್ದೆ ನಾನು, ಹುಚ್ಚ! ಕಳೆದ ಸಭೆಯಲ್ಲಿ ನಾನೊಬ್ಬನೇ ಕೂತಿದ್ದೆ. ನಾನೇ ಹಾಡಿ ಕರೆಯೋಣವೆಂದರೆ ಬಾಯಿಗೆ ಬರುವುದು ಸಾಲಿನ ಹಿಂದಿನ ಅರ್ಧ ಮಾತ್ರ. ಇಷ್ಟು ವರ್ಷ ನಿನ್ನ ಬೆನ್ನ ಹಿಂದೆ ನಿಂತವನಿಗೆ ಮುಂದಿನ ಅರ್ಧ ಎಲ್ಲಿಂದ ಬರಬೇಕು?

ನಾತಾಳಕ್ಕೆ, ಅದೇ ಕ್ರಿಸ್‌ಮಸ್ ಹಬ್ಬಕ್ಕೆ, ಮೇಲಿನ ಓಣಿಯ ಹಡಗಿನಲ್ಲಿ ದುಡಿಯುವ ಮಂದಿ ಮನೆಯೊಳಗೇ ಬಾಜಾ ಹಚ್ಚಿಕೊಂಡು ಹಾಡುತ್ತಿದ್ದರಲ್ಲ, ನೆನಪಿದೆಯೇ? “ಹಾಡವನ್ನ ಹೊರಗ ಹಾಕಿ ಬರೇ ಬಾಜಾ ಇಟ್ಕೊಂಡಾರಲೇ ಬಸ್ಯಾ” ಎಂದು ನೀನು ನಕ್ಕಿದ್ದೆ. ಅದೇ ಕರೋಕೆ. ನೀನು ಹಾಡಿದ ಒಂದೇ ಒಂದು ಕ್ಯಾಸೆಟ್ ಉಳಿದಿದೆ. ಅದರಿಂದ ನಿನ್ನ ದನಿ ತೆಗೆದು ದಪ್ಪು, ತುಂತುಣಿಯ ಬಾಜಾ ಉಳಿಸಿಕೊಂಡರೆ ಮುಂದೆ ನಿಂತು ನಾನು ಹಾಡಬಹುದಲ್ಲ ಎಂದುಕೊಂಡೆ. ಅಂಗಳಕ್ಕೆ ಬೀಗವಿದ್ದರೇನು, ನಿನ್ನ ಮನೆಯೊಳಗಿಂದಲೇ ಕೇರಿಗೆಲ್ಲ ಕೇಳಿಸಿದರಾಯಿತು.

ಭಾಬಿಯನ್ನು ಕರೆದುಕೊಂಡು ಮಡಗಾಂವಿಗೆ ಹೋದೆ. ಹಳೆಯ ಸಾಮಾನಿನ ಅಂಗಡಿ. ರಿಪೇರಿ ಮಾಡುವ ಮಲ್ಲೇಶಿ ಗದಗಿನ ಕಡೆಯವನು. ಕರೋಕೆ ಯಂತ್ರಕ್ಕೆ ನಿನ್ನ ಕ್ಯಾಸೆಟ್ ಹಾಕಿದ. “ಈ ಗುಂಡಿ ಒತ್ರಿ ಅಣ್ಣಾರ, ಹಾಡವನ ದನಿ ಹೋಗತೈತಿ” ಎಂದ. ಒತ್ತಿದೆ. ನಿನ್ನ ದನಿ ಹೋಯಿತು. ದಪ್ಪು ಹೋಯಿತು. ಜನರ ಚಪ್ಪಾಳೆ ಹೋಯಿತು. ಹಿಂದೆ ಹಾಡುತ್ತಿದ್ದ ನಾನೂ ಹೋದೆ.

“ಒಂದ ಮೈಕಿನ್ಯಾಗ ತುಂಬೀರಿ ಇದನ್ನ” ಎಂದ ಮಲ್ಲೇಶಿ. “ಎಲ್ಲಾ ಕೂಡೇ ಅದಾವ್ರಿ, ಹೋದ್ರ ಕೂಡೇ ಹೋಗ್ತಾವ.”

ಭಾಬಿ ನನ್ನ ಕಡೆ ತಿರುಗಿದರು. “ಇವರ ಬಾಯಿ ಮುಚ್ಚಸಾಕ ಮಾಲಕಗ ಆಗಿದ್ದಿಲ್ಲ. ನೀವು ಒಂದ ಗುಂಡಿ ಒತ್ತಿ ಮುಚ್ಚಿಸಿದ್ರಲ್ಲ ಬಸಣ್ಣಾ!”

ಆ ಯಂತ್ರ ಬೇಡವೆಂದೆ. ಹೇಗೂ ಅದು ನಮ್ಮ ಕೈಗೆಟುಕುವಂಥದ್ದಲ್ಲ. ಹಳೆಯದೊಂದು ಆಂಪ್ಲಿಫೈಯರ್ ಆರಿಸಿದೆವು. ಮೈಕು ಎಕೋ ಇದ್ದದ್ದೋ ಇಲ್ಲದ್ದೋ ಎಂದು ಮಲ್ಲೇಶಿ ಕೇಳಿದ.

“ಎಕೋ ಅಂದ್ರ?” ಎಂದರು ಭಾಬಿ.

“ಒಂದ ಸಲ ಅಂದದ್ದನ್ನ ಮೂರ್ನಾಕ ಸಲ ಅಂತೈತ್ರಿ ಅಕ್ಕಾರ.”

“ನೂರ ಸಲ ಅಂದ್ರೂ ಕೇಳವಲ್ರು ನಮ್ಮವ್ರು. ಸಾದಾನ ಕೊಡು.”

ಎರಡು ಸ್ಪೀಕರಿನ ಬದಲು ಒಂದೇ ತಂದೆವು. ಅದರ ಪೆಟ್ಟಿಗೆಯನ್ನು ಸೆಂಟ್ರಿಂಗ್ ಹಲಗೆಯಲ್ಲಿ ನಾನೇ ಬಡಿದೆ. ಕೇರಿಯ ಯಾರೂ ಬಂದು ಏನೆಂದು ಕೇಳಲಿಲ್ಲ. ಎಲ್ಲರೂ ಗಂಟು ಕಟ್ಟುತ್ತಿದ್ದಾರೆ.

ನಿನ್ನೆ ಸಂಜೆ ನಿನ್ನ ಮನೆಯಲ್ಲಿ ಹಚ್ಚಿ ನೋಡಿದೆ. ಮೊದಲು ಹಳೆಯ ಟೇಪಿನಲ್ಲಿ ನಿನ್ನ ಕ್ಯಾಸೆಟ್. ನೀನು ಎತ್ತಿದೆ, ನಾನು ಎಳೆದೆ. ಎಷ್ಟು ಹಗುರಾಗಿತ್ತು ಗೊತ್ತೇ, ಕಣ್ಣು ಮುಚ್ಚಿದರೆ ನೀನು ಇಲ್ಲೇ... ಆದರೆ ನೀನಿನ್ನೂ ಆ ವರ್ಷದ ಬೂಟಿನ ಹಾಡನ್ನೇ ಹಾಡುತ್ತಿದ್ದೀಯ. ಜೋಪಡಿಯ ಹಾಡು ನಿನ್ನಲ್ಲಿಲ್ಲ. ಇರುವುದಾದರೂ ಹೇಗೆ?

ಕ್ಯಾಸೆಟ್ ತೆಗೆದಿಟ್ಟೆ. ನಾನೇ ಕಟ್ಟಿದ ಸಾಲನ್ನು ಮೊದಲಿಂದ ಪೂರ್ತಿ ಹಾಡಿದೆ. ದನಿ ಒಡೆಯಿತು. ಭಾಬಿ ನೀರಿಗೆ ಹೋಗಿದ್ದರು. ತುದಿ ಹಿಡಿಯಲು ಯಾರೂ ಇರಲಿಲ್ಲ. ಸ್ಪೀಕರು ಗುಂಯ್ ಎನ್ನುತ್ತಿತ್ತು. ಸಾಲಿನ ತುದಿ ಎಳೆಯಲು ನನ್ನ ನಾಲಗೆ ತುಡಿಯಿತು. ಎಳೆಯಲಿಲ್ಲ. ಅದು ಬಂದವರ ಪಾಲು ಎಂದು ಖಾಲಿ ಬಿಟ್ಟು ಎರಡನೇ ಸಾಲಿಗೆ ಹೋದೆ.

ಯಾರು ಬರುತ್ತಾರೋ ಗೊತ್ತಿಲ್ಲ. ಮುಂದೆ ನಾನು ನಿಲ್ಲುತ್ತೇನೆ. ಸಭೆ ನಿನ್ನ ಮನೆಯಲ್ಲಿ, ಈ ರವಿವಾರ, ಸಂಜೆ ಆರು ಗಂಟೆಗೆ.

ನಿನ್ನ ಬಸ್ಯಾ